ಹುಣಸೆ ವ್ಯಾಪಾರಿಯಾಗಿ ಗುಡ್ಡ ಹತ್ತಿದ್ದು

ತಿಪಟೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಎಂಬತ್ತರ ದಶಕದ ಮೊದಲ ವರ್ಷಗಳು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಆಗ ನಾನು ಕುಷ್ಠರೋಗದ ಚಿಕಿತ್ಸಾಲಯವೊಂದರಲ್ಲಿ ಸಹಾಯಕ. ಚೀಲದ ತಳದಲ್ಲಿ ಒಂದು ತಿಂಗಳ ಮಾತ್ರೆ, ಹತ್ತಿ, ಬ್ಯಾಂಡೇಜು. ಮೇಲೆ ಎರಡು ಹಿಡಿ ಹುಣಸೆಹಣ್ಣು. ಸಿದ್ದಯ್ಯ ಎಂಬ ರೋಗಿ ಎರಡು ತಿಂಗಳಿಂದ ಬಂದಿರಲಿಲ್ಲ. "ನಮ್ಮೂರಿಗೆ ಬಂದ್ರೆ ಆಸ್ಪತ್ರೆಯೋರು ಅಂತ ಹೇಳ್ಬ್ಯಾಡಿ ಸ್ವಾಮಿ, ಜನ ನಮ್ಮನ್ನ ಬಾವಿ ಹತ್ರಕ್ಕೂ ಬುಡಾಕಿಲ್ಲ" ಎಂದು ಹಿಂದೆಯೇ ಕೈಮುಗಿದಿದ್ದ. ಹಾಗಾಗಿ ಅಂದು ನಾನು ಹುಣಸೆ ವ್ಯಾಪಾರಿ.

ಚಿಕ್ಕನಾಯಕನಹಳ್ಳಿಯ ದಾರಿಯುದ್ದಕ್ಕೂ ತೆಂಗಿನ ತೋಟಗಳು. ಆ ದಾರಿಯ ಊರುಗಳಿಗೆ ಹದಿನೈದು ದಿನಕ್ಕೊಮ್ಮೆ ಮಾತ್ರೆ ಹೊತ್ತು ನಮ್ಮ ಸೈಕಲ್ ಹೋಗುತ್ತಿತ್ತು. ಬಸ್ ಬದಲಿಸಿ ಕಂದಿಕೆರೆಯಲ್ಲಿ ಇಳಿದಾಗ ಹತ್ತು ಗಂಟೆ. ಅಲ್ಲಿಂದ ನಾಲ್ಕು ಮೈಲಿ ನಡಿಗೆ, ಕೊನೆಯ ಒಂದೂವರೆ ಮೈಲಿ ಬರೀ ಕಲ್ಲಿನ ಏರು. ಸೈಕಲ್ ಹತ್ತದ ಆ ಏರಿನ ಬುಡದಲ್ಲೇ ನಮ್ಮ ಚಿಕಿತ್ಸೆಯೂ ನಿಂತುಬಿಟ್ಟಿತ್ತು. ಮೇಲಿನವರು ತಾವೇ ಇಳಿದು ಬರಬೇಕಿತ್ತು.

ಮೇಲೆ ಇಪ್ಪತ್ತು ಮನೆಗಳಿದ್ದಿರಬಹುದು. ಊರ ಮುಂದಿನ ಹುಣಸೆಮರದಡಿ ಐವತ್ತು ದಾಟಿದ ಹೆಂಗಸೊಬ್ಬಳು ಹುಲ್ಲಿನ ಹೊರೆ ಇಳಿಸಿಕೊಂಡು ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾವೂರಾಯ್ತು?"

"ತಿಪಟೂರು. ಹುಣಸೆ ಫಸಲು ನೋಡೋಕೆ ಬಂದೆ."

"ಹಂಗಾರೆ ಈ ಮರದಾಗೆ ಏಟು ಮಣ ಸಿಕ್ತದೆ, ಹೇಳಿ ನೋಡಾನ?"

ಬಾಯಿಗೆ ಬಂದದ್ದು ಹೇಳಿದೆ. ಆಕೆ ನಗಲಿಲ್ಲ. ನಾನು ಯಾವ ಮನೆ ಕಡೆ ತಿರುಗುತ್ತೇನೆಂದು ಕತ್ತು ಹೊರಳಿಸಿ ನೋಡುತ್ತಲೇ ಇದ್ದಳು. ಅದಕ್ಕೇ ಎರಡು ಮನೆಗಳಲ್ಲಿ ಸುಮ್ಮನೆ ಹುಣಸೆಹಣ್ಣಿನ ಮಾತಾಡಿ, ಆಮೇಲೆ ಸಿದ್ದಯ್ಯನ ಬಾಗಿಲಿಗೆ ಹೋದೆ.

ಅವನ ಹೆಂಡತಿ ಕೆಂಚಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅವ್ರು ನೆಂಟರ ಮನೆಗೆ ಹೋಗವ್ರೆ."

ಒಳಗೆ ಯಾರೋ ಕೆಮ್ಮಿದರು. ನಾನು ಮೆಲ್ಲಗೆ ಮಾತ್ರೆಯ ಪೊಟ್ಟಣ ತೋರಿಸಿದೆ. ಆಕೆ ಬೀದಿಯ ಎರಡೂ ಕಡೆ ನೋಡಿ, ನನ್ನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದಳು.

ಸಿದ್ದಯ್ಯ ರಾಗಿ ಗುಡಾಣದ ಹಿಂದೆ ಕೂತಿದ್ದ. ಅವನ ಮೊದಲ ಮಾತು, "ಯಾರ್ಗೆ ಹೇಳಿ ಬಂದ್ರಿ?" ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಅಂಗಾಲಿನಲ್ಲಿ ರೂಪಾಯಿ ಅಗಲದ ಹುಣ್ಣು. ಮುಳ್ಳು ಚುಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಆ ಕಾಲಲ್ಲಿ ಗುಡ್ಡ ಇಳಿಯಲಾಗದೆ, ಇದ್ದ ಮಾತ್ರೆಗಳನ್ನೇ ದಿನಕ್ಕೆ ಅರ್ಧರ್ಧ ಮಾಡಿ ನುಂಗಿದ್ದ. ಮೈಗಳ್ಳತನದಿಂದ ಚಿಕಿತ್ಸೆ ಬಿಟ್ಟಿದ್ದಾನೆ ಎಂದು ದಾರಿಯುದ್ದಕ್ಕೂ ಅನುಮಾನಪಟ್ಟಿದ್ದ ನನಗೆ ನಾಚಿಕೆಯಾಯಿತು. ಹುಣ್ಣು ತೊಳೆದು ಕಟ್ಟಿದೆ. ಕೆಂಚಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಬಿದ್ದೆ.

ಇಳಿಜಾರಿನ ಮೊದಲ ತಿರುವಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ. ಅದೇ ಹೆಂಗಸು, ಕೈಯಲ್ಲಿ ಕುಡುಗೋಲು.

"ನೀವು ಹುಣಸೆ ಯಾಪಾರದೋರಲ್ಲ."

"ವ್ಯಾಪಾರವೇ ಅಮ್ಮ. ಸಿದ್ದಯ್ಯನ ಮರ ನೋಡೋಕೆ…"

"ಸಿದ್ದಯ್ಯಂಗೆ ಒಂದು ಮರಾನೂ ಇಲ್ಲ ಕಣಪ್ಪ. ಇರೋದು ಕಾಲಿನ ಹುಣ್ಣು."

ಈಕೆ ಊರಿಗೆ ಸಾರಿದರೆ ಸಿದ್ದಯ್ಯನ ಕತೆ ಮುಗಿಯಿತು. ಆದರೆ ಆಕೆ ಹಿಂದೆ ಮುಂದೆ ನೋಡಿ, ಕುಡುಗೋಲು ಕೆಳಗಿಟ್ಟು, ತೋಳು ಮುಂದೆ ಚಾಚಿದಳು. ಮೊಣಕೈ ಕೆಳಗೆ ಅಂಗೈ ಅಗಲದ ಬಿಳಿಚಿದ ಮಚ್ಚೆ.

"ಒಲೆ ಕೆಂಡ ತಾಗಿದ್ರೂ ಉರಿ ಗೊತ್ತಾಗಕಿಲ್ಲ."

ಕಣ್ಣು ಮುಚ್ಚಿಸಿ ಮಚ್ಚೆಯನ್ನು ಹತ್ತಿಯ ಎಳೆಯಿಂದ ಸವರಿದೆ. "ಎಲ್ಲಿ ಮುಟ್ಟಿದೆ?" ಎಂದೆ. "ಇನ್ನೂ ಮುಟ್ಟೇ ಇಲ್ವಲ್ಲ" ಎಂದಳು.

"ವಾಸಿಯಾಗುತ್ತೆ ಅಮ್ಮ. ತಿಪಟೂರಿಗೆ ಬನ್ನಿ."

"ಸೊಸೆಗೆ ಏನಂತ ಹೇಳಿ ಬರ್ಲಿ?"

"ಹಾಗಾದರೆ ಮುಂದಿನ ಮಂಗಳವಾರ ನಾನೇ ಬರ್ತೀನಿ. ನಿಮ್ಮ ಹೆಸರು?"

"ಬತ್ತೀನಿ ಅಂದೋರು ಈ ಗುಡ್ಡಕ್ಕೆ ತಿರುಗಿ ಬಂದಿದ್ದು ನಾ ಕಾಣೆ. ಮೊದ್ಲು ಬಾ, ಆಮ್ಯಾಕೆ ಹೆಸರು." ಕುಡುಗೋಲು ಎತ್ತಿಕೊಂಡು, ನನ್ನ ಜೊತೆ ಕಂಡವಳಾಗಬಾರದೆಂದು, ದಾರಿ ಬಿಟ್ಟು ಕುರುಚಲು ಪೊದೆಗಳ ನಡುವೆ ಹತ್ತಿಹೋದಳು.

ತಿಪಟೂರು ಸೇರುವಾಗ ಸಂಜೆ ಐದು. ಡಾಕ್ಟರು ಎಲ್ಲ ಕೇಳಿ, "ಮಂಗಳವಾರ ನಾನೂ ಬರ್ತೀನಿ. ಕಾರ್ಡ್ ಮಾಡಿಡಿ, ಹೆಸರೇನು?" ಎಂದರು.

ನನಗೆ ತಕ್ಷಣ ಹೊಳೆದದ್ದು ನನ್ನ ತಾಯಿಯ ಹೆಸರು. ಆಕೆ ತನ್ನ ಹೆಸರು ಹೇಳುವವರೆಗೆ ಇರಲಿ ಎಂದು ಅದನ್ನೇ ಬರೆದೆ.