ಕಾಕುವಿನ ತವರು

ಮೊನ್ನೆ ಪಂಚಮಿಯ ಉಂಡಿಗೆಂದು ಎಳ್ಳು ಹುರಿಯುತ್ತಿದ್ದೆ. ಆ ವಾಸನೆಗೆ ಬಾಜೂಮನೆಯ ಕಾಕು ನೆನಪಾದರು...

ಎಪ್ಪತ್ತರ ದಶಕದಲ್ಲಿ ನಾನು ಮಾಸ್ತರರ ಹೆಂಡತಿಯಾಗಿ ಇಂಡಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಪಕ್ಕದ ಮನೆಯವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ; ನನ್ನ ಅವ್ವನ ವಯಸ್ಸಿನವರು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಕಾಕುವನ್ನು ಕರೆಯಲು ಯಾರೂ ಬರುತ್ತಿರಲಿಲ್ಲ. ತಂದೆ-ತಾಯಿ ತೀರಿದ್ದರು, ಒಡಹುಟ್ಟಿದವರು ಇರಲೇ ಇಲ್ಲ.

ಮೊದಲ ವರ್ಷ ನನ್ನ ಅಣ್ಣನೂ ಮುದ್ದೇಬಿಹಾಳದಿಂದ ಬರಲಿಲ್ಲ. ಹೊಲದಲ್ಲಿ ಕೆಲಸವಂತೆ! ಮುಖ ಊದಿಸಿಕೊಂಡು ಬಾಗಿಲಲ್ಲಿ ಕೂತಿದ್ದೆ. ಕಾಕು ಇಳಕಲ್ ಸೀರೆ ಉಟ್ಟು, ಉಂಡಿಯ ಗಂಟು ಹಿಡಿದು ಹೊರಬಂದರು.

"ಎಲ್ಲಿಗೆ ಹೊಂಟೀರಿ ಕಾಕು?"

"ತವರಿಗೆ. ನೀನೂ ಬಾ, ಅಳೂದಿದ್ರ ಆಮ್ಯಾಲ ಅಳು."

ಊರಾಚೆ ಜಾಲಿಗಿಡಗಳ ನಡುವೆ ಪಾಳುಗುಡಿಯೊಂದಿತ್ತು. ಕುರಿಗಳು ಓಡಾಡಿ ಆದ ಕಾಲುದಾರಿ, ಗೋಡೆಯ ಮೇಲೆ ನವಿಲುಗಳು. ಗುಡಿಯ ಹಿಂದೆ ಒಂದೇ ಒಂದು ವೀರಗಲ್ಲು ನಿಂತಿತ್ತು. ಕತ್ತಿ ಎತ್ತಿದ ಆಳು, ಮೂಗು ಮುರಿದಿತ್ತು. ಕಾಕು ಅವನ ತಲೆಗೆ ಕುಸುಬಿ ಎಣ್ಣೆ ಹಚ್ಚಿ, ಎದುರಿಗೆ ಉಂಡಿ ಇಟ್ಟರು.

"ಇಂವ ನಮ್ಮಣ್ಣ. ಕರಿಯಾಕ ಬರಂಗಿಲ್ಲ ಖರೆ. ಆದ್ರ ನಾ ಬಂದಾಗ ಮನ್ಯಾಗಿಲ್ಲ ಅಂತ ಒಮ್ಮಿನೂ ಆಗಿಲ್ಲ."

ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಕಲ್ಲಿಗೆ ಒರಗಿ ಕೂತರು. ಹೊರಡುವಾಗ, ತವರು ಬಿಟ್ಟು ಬರುವ ಹೆಣ್ಣುಮಕ್ಕಳು ಅಳುತ್ತಾರಲ್ಲ, ಹಾಗೆಯೇ ಅತ್ತುಬಿಟ್ಟರು. ಅದು ಆಟವಲ್ಲವೆಂದು ನನಗೆ ಆಗಲೇ ತಿಳಿದದ್ದು.

ಮುಂದೆ ನಮಗೆ ಸಿಂದಗಿಗೆ ವರ್ಗವಾಯಿತು. ಕಾಕು ತೀರಿದ ಸುದ್ದಿ ಬಹಳ ತಡವಾಗಿ ಬಂತು...

ಈಗ ನನ್ನ ಅಣ್ಣನೂ ಇಲ್ಲ. ಈ ಪಂಚಮಿಗೆ ಉಂಡಿ ಕಟ್ಟಿಕೊಂಡು ಅಲ್ಲಿಗೇ ಹೋದೆ. ಗುಡಿಗೆ ಬೇಲಿ ಬಂದಿದೆ. ಗಿಡಗಳ ನಡುವೆ ಫರಸಿ ಕಲ್ಲು ಹಾಸಿದ ದಾರಿ, ಗಿಡಕ್ಕೊಂದು ಹೆಸರಿನ ಹಲಗೆ. ಚೆಂದವಾಗಿಯೇ ಇದೆ, ಸುಳ್ಳೇಕೆ ಹೇಳಲಿ? ಸುತ್ತಲ ಹೊಲಗಳ ವೀರಗಲ್ಲುಗಳನ್ನೆಲ್ಲ ತಂದು, ತೊಳೆದು, ಗುಡಿಯ ಹಿಂದೆ ನಿಲ್ಲಿಸಿದ್ದಾರೆ. ಎಲ್ಲರೂ ಕತ್ತಿ ಎತ್ತಿದವರೇ, ಮೂಗು ಮುರಿದವರೇ.

"ಏನ್ ಹುಡುಕಾಕತ್ತೀರಿ ಅಮ್ಮಾರ?" ಕಾವಲುಗಾರ ಕೇಳಿದ.

"ಮೊದಲ ಇಲ್ಲಿ ಒಂದ ಕಲ್ಲಿತ್ತಲ್ಲ, ಅದು ಯಾವುದಪಾ?"

"ಗೊತ್ತಿಲ್ರಿ. ನಾ ಬರೂದ್ರಾಗ ಎಲ್ಲಾ ತಂದು ನಿಲ್ಲಿಸಿದ್ರು."

ಒಬ್ಬೊಬ್ಬನ ಎದುರೂ ನಿಂತು ನೋಡಿದೆ. ಯಾರೂ ನನ್ನ ಗುರುತು ಹಿಡಿಯಲಿಲ್ಲ... ಉಂಡಿಯ ಗಂಟನ್ನು ಬಿಚ್ಚದೆ ವಾಪಸು ತಂದೆ.