ಎರಡು ಬೆರಳು ಮೇಲಿದ್ದ ಹೂದಳ

ಮೊದಲ ದಿನ ವಿಮಾನ ನಿಲ್ದಾಣದ ನೆಲ ಒರೆಸುತ್ತಿದ್ದಾಗ ಚಾವಣಿ ನನ್ನ ತಲೆಯ ಮೇಲೆ ಇಳಿಯತೊಡಗಿತು. ಕೈಯಲ್ಲಿದ್ದ ಕೋಲು ಬಿಟ್ಟು ಓಡಿದೆ. ತಿರುಗಿ ನೋಡಿದರೆ ಸಪೂರ ದಾರಗಳಲ್ಲಿ ನೇತುಬಿದ್ದ ನೂರಾರು ಹಿತ್ತಾಳೆಯ ಹೂದಳಗಳು ಅಲೆಯಂತೆ ಇಳಿದು ಮತ್ತೆ ಏರುತ್ತಿದ್ದವು. ಮೋಟಾರಿನಿಂದ ಚಲಿಸುವ ಶಿಲ್ಪವಂತೆ. ನಮ್ಮೂರ ಹತ್ತಿರದ ಕಾರ್ಕಳದಲ್ಲಿ ಶಿಲ್ಪವೆಂದರೆ ನಿಂತಲ್ಲೇ ನಿಲ್ಲುವ ಕಲ್ಲು. ಇಲ್ಲಿ ಶಿಲ್ಪ ಓಡಾಡುತ್ತದೆ, ಜನ ಅದರ ಕೆಳಗೆ ಮೊಬೈಲು ನೋಡುತ್ತಾ ಕೂರುತ್ತಾರೆ.

ಗಲ್ಫಿನ ಈ ಊರಿನಲ್ಲಿ ನಮ್ಮ ಐವರು ಹೆಂಗಸರಿಗೆ ಒಂದು ಕೋಣೆ, ಐದು ಭಾಷೆ. ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಎದುರು ಕೂತು ಗಂಜಿ ಉಣ್ಣುವವರು ಸಿಗುವುದಿಲ್ಲ. ದಿನವಿಡೀ ಜನರ ನಡುವೆ ಇದ್ದರೂ ಹೆಸರು ಹಿಡಿದು ಕರೆಯುವವರಿಲ್ಲ. ಊರಲ್ಲಿ, ಶಂಕರಪುರದಲ್ಲಿ, ಅಕ್ಕನ ಜೊತೆ ಮಲ್ಲಿಗೆ ಕಟ್ಟುವಾಗ ದಾರಿಹೋಕರೆಲ್ಲ ಮಾತಾಡಿಸುವುದು ಉಪದ್ರ ಎನಿಸುತ್ತಿತ್ತು. ಸೊಕ್ಕು ನನ್ನದು.

ಒಂದು ಬೆಳಿಗ್ಗೆ ದಾರ ತುಂಡಾಗಿ ಒಂದು ದಳ ಕಾಲ ಬಳಿ ಬಿತ್ತು. ಶಿಲ್ಪವನ್ನು ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಮೇಲುಳಿದಿದ್ದ ತುಂಡು ದಾರ ಇಳಿದು ಕೈಗೆ ಸಿಕ್ಕಿದಾಗ, ಅದು ಮೇಲೇರುವುದರೊಳಗೆ ನನ್ನ ಬೆರಳುಗಳು ದಳವನ್ನು ಅದಕ್ಕೆ ಸೇರಿಸಿ ಮಲ್ಲಿಗೆ ಕಟ್ಟುವ ಗಂಟು ಹಾಕಿಬಿಟ್ಟಿದ್ದವು. ದಾರ ಗಿಡ್ಡವಾಗಿ ಆ ದಳ ಉಳಿದವಕ್ಕಿಂತ ಎರಡು ಬೆರಳು ಮೇಲೆ ನಿಂತಿತು. ದಿನಾ ಅದನ್ನು ಹುಡುಕಿ ನೋಡಿಯೇ ಕೆಲಸ ಶುರು ಮಾಡುತ್ತಿದ್ದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಏರ್‌ಪೋರ್ಟಿನ ಹೂ ಕಟ್ಟಿದ್ದು ತನ್ನ ತಂಗಿ ಎಂದು ಅವಳು ಊರಿಗೆಲ್ಲ ಸಾರಿದಳು.

ಕಳೆದ ತಿಂಗಳು ಶಿಲ್ಪ ನೋಡಿಕೊಳ್ಳುವ ಇಂಜಿನಿಯರ್ ಅಳತೆಪಟ್ಟಿ ಹಿಡಿದು ಬಂದ. ಕಟ್ಟಿದ್ದು ಯಾರೆಂದು ಕೇಳಿದಾಗ, ಕೆಲಸ ಹೋಯಿತೆಂದೇ ಎಣಿಸಿ, ನಾನು ಎಂದೆ. ಅವನು ಗಂಟನ್ನು ತಿರುಗಿಸಿ ನೋಡಿ ನಕ್ಕ. ಆಮೇಲೆ ಕತ್ತರಿಸಿ ಹೊಸ ದಾರ ಹಾಕಿ ‘ಖಲಾಸ್’ ಎಂದ. ಮುಗಿಯಿತು, ಇನ್ನು ಮಾತಿಲ್ಲ ಎನ್ನುವುದಕ್ಕೆ ಇಲ್ಲಿ ಅದೊಂದೇ ಶಬ್ದ. ಕೆಲಸ ಉಳಿಯಿತು. ಕೋಣೆಗೆ ಹೋಗಿ ಅತ್ತೆ.

ನಿನ್ನೆ ಶಿಲ್ಪದ ಕೆಳಗೆ ನೆಲ ಒರೆಸುತ್ತಿದ್ದಾಗ ಅಕ್ಕ ಫೋನು ಮಾಡಿದಳು. ಅವಳ ಉದ್ಯಾವರದ ಗೆಳತಿ ಈ ದಾರಿಯಾಗಿ ಹೋಗುವವಳಿದ್ದಾಳಂತೆ, ನಾನು ಕಟ್ಟಿದ್ದರ ಫೋಟೋ ತೆಗೆಯುತ್ತಾಳಂತೆ.

“ಯಾವುದು ನಿಂದು ಹೇಳು ಮಾರಾಯ್ತಿ, ಅವಳು ಎಲ್ಲಿ ನೋಡಬೇಕು?”

ತಲೆಯೆತ್ತಿ ನೋಡಿದೆ. ಎಲ್ಲವೂ ಒಂದೇ ಸಮ ಇಳಿಯುತ್ತಿದ್ದವು. ನನ್ನದು ಯಾವುದೆಂದು ನನಗೂ ಗುರುತು ಸಿಗಲಿಲ್ಲ.

“ಮೂರನೇ ಸಾಲಿನಲ್ಲಿ ಉಂಟು ಅಕ್ಕ, ಕೊನೆಯದ್ದು,” ಎಂದೆ.

ಇದನ್ನು ಓದಿದವರು ಶಂಕರಪುರದ ಕಡೆ ಹೋದರೆ ದಯವಿಟ್ಟು ಅಕ್ಕನಿಗೆ ಹೇಳಬೇಡಿ. ಇಲ್ಲಿ ನನ್ನದೆಂಬುದು ಒಂದು ಉಂಟೆಂದು ಊರಿನವರ ಮನಸ್ಸಿನಲ್ಲಾದರೂ ಇರಲಿ.