ಕುಂಕುಮ ಹತ್ತಿದ ನಟ್ಟುಗಳು

ನಮ್ಮ ಕಾರು ಪೆಟ್ರೋಲಿಗಿಂತ ಹೆಚ್ಚು ನೀರು ಕುಡಿಯುತ್ತಿತ್ತು. ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ವಾಸ್ಕೋ ಬಂದರಿನಲ್ಲಿ ಹಮಾಲರ ಗ್ಯಾಂಗಿಗೆ ಮುಕಾದಮನಾಗಿದ್ದ. ಬಿಜಾಪುರದ ಕಡೆಯಿಂದ ಬಂದು, ಬೆನ್ನ ಮೇಲೆ ಚೀಲ ಹೊತ್ತು, ಕೊನೆಗೆ ಚೀಲ ಹೊರುವವರನ್ನು ಬೈಯುವ ಹುದ್ದೆಗೆ ಏರಿದವನು. ಏರಿದ್ದು ನಾಲ್ಕು ಜನಕ್ಕೆ ಕಾಣಬೇಕಲ್ಲ, ಅದಕ್ಕೆ ನಾಲ್ಕು ಬಾಗಿಲಿನ ಹಳೆಯ ಕಾರೊಂದನ್ನು ತಂದು ಚಾಳಿನ ಮುಂದೆ ನಿಲ್ಲಿಸಿದ. ಮಾರಿದವರು ನೌಕರಿಯಿಂದ ನಿವೃತ್ತರಾದ ಒಬ್ಬ ಗೋವಾದ ಮುದುಕರು. ಕೀಲಿಕೈ ಕೊಡುವಾಗ "ಉದಾಕ್ ಪಳೆ, ಉದಾಕ್" ಎಂದು ಎರಡು ಸಲ ಹೇಳಿದರು. ನೀರು ನೋಡಿಕೋ ಎಂದು. ಅಪ್ಪ ನಕ್ಕು ಹೂಂ ಅಂದ. ಮನುಷ್ಯರ ಮಾತನ್ನೇ ಕೇಳದವನು ರೇಡಿಯೇಟರಿನ ಮಾತನ್ನು ಕೇಳುತ್ತಾನೆಯೇ?

ಸಮುದ್ರದ ಗಾಳಿ ಆ ಕಾರನ್ನು ಕೆಳಗಿನಿಂದ ತಿನ್ನುತ್ತಾ ಬಂದಿತ್ತು. ಹಿಂದಿನ ಸೀಟಿನ ಕಾಲ ಬಳಿ ತುಕ್ಕು ಹಿಡಿದು ತೂತಾಗಿ, ಓಡುವ ರಸ್ತೆ ಕಾಣುತ್ತಿತ್ತು. ಅವ್ವ ಆ ತೂತಿನ ಮೇಲೆ ಹಳೆಯ ಪರಾತವೊಂದನ್ನು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಅಲ್ಲಿ ಅಪ್ಪ ಕೂರುತ್ತಿದ್ದ. ನಾನು ಇಳಿದು, ಸುತ್ತು ಬಳಸಿ ಬಂದು, ಹೊರಗಿನಿಂದ ಬಾಗಿಲು ತೆಗೆಯಬೇಕು. ನೋಡಿದವರು ಅದನ್ನು ದೊಡ್ಡಸ್ತಿಕೆ ಅಂದುಕೊಂಡರು. ಅಪ್ಪನೂ ಹಾಗೇ ಅಂದುಕೊಂಡು ಅದನ್ನು ರಿಪೇರಿ ಮಾಡಿಸಲೇ ಇಲ್ಲ.

ನಾನು ಆಗ ಇಪ್ಪತ್ತರ ದಾಂಡಿಗ. ಮೆಟ್ರಿಕ್ ಎರಡು ಸಲ ಫೇಲಾಗಿ, ಆ ಕಾರಿನ ಡ್ರೈವರ್ ಎಂಬ ಹೆಸರಿನಲ್ಲಿ ಮನೆಯಲ್ಲಿ ಉಣ್ಣುತ್ತಿದ್ದೆ. ನನ್ನ ಓರಗೆಯವರೆಲ್ಲ ಬಂದರಿನಲ್ಲಿ ಚೀಲ ಹೊತ್ತು ಕುತ್ತಿಗೆಯ ಚರ್ಮ ಸುಲಿಸಿಕೊಳ್ಳುತ್ತಿದ್ದಾಗ ನಾನು ಬಾಚಣಿಗೆ ಹಿಡಿದು ಕಾರಿನ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಕಾರು ಓಡುವಷ್ಟು ದಿನ ನಾನು ಬಚಾವು. ಅದು ನಿಂತರೆ ನನಗೂ ಚೀಲವೇ.

ಅದನ್ನು ಓಡಿಸುತ್ತಿದ್ದವನು ನಿಜಕ್ಕೂ ನಾನಲ್ಲ, ಮಿಸ್ತ್ರಿ. ನಮ್ಮ ಕಡೆಯವನೇ. ನಲವತ್ತು ದಾಟಿದ್ದ. ಚಾಳಿನ ಇಳಿಜಾರಿನಲ್ಲಿ ಅಪ್ಪ ತೋರಿಸಿದ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಅಪ್ಪ ಕಳಿಸಿದ ಗಾಡಿಗಳನ್ನು ರಿಪೇರಿ ಮಾಡಿಕೊಂಡು, ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ. ಮಾತು ಕಡಿಮೆ. ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದ. ಎಂಜಿನ್ನಿನ ಮೇಲೆ ಕೂರುವ ಹೆಡ್ಡಿನ ನಟ್ಟುಗಳನ್ನು ಪಾನಾದಿಂದ ಬಿಗಿಯುವುದನ್ನು ಒಮ್ಮೆ ನನಗೆ ತೋರಿಸಿಯೂ ಇದ್ದ. "ನಡುವಿಂದ ಶುರು ಮಾಡಬೇಕ ತಮ್ಮಾ. ಒಂದ ಈ ಕಡೆ, ಒಂದ ಆ ಕಡೆ. ಒಮ್ಮೆಲೇ ಬಿಗೀಬಾರ್ದು, ಮೂರ ಸುತ್ತು ಬರಬೇಕು." ನಾನು ಆ ಹೊತ್ತಿಗೆ ನೀರಿಗೆ ಬಂದ ಹುಡುಗಿಯರನ್ನು ನೋಡುತ್ತಿದ್ದೆ.

ಕಾರು ಕೆಟ್ಟಾಗಲೆಲ್ಲ ಅಪ್ಪ ಮಿಸ್ತ್ರಿಯನ್ನು ಕರೆಸಿ ಚಾಳಿನ ನಳದ ಮುಂದೆ ನಿಲ್ಲಿಸುತ್ತಿದ್ದ. ಕೊಡ ಹಿಡಿದ ಹೆಂಗಸರೆಲ್ಲ ಸಾಲಾಗಿ ನಿಂತಿರುವ ಹೊತ್ತನ್ನೇ ನೋಡಿ. "ಪಾನಾ ಹಿಡಿಯೂ ಕೈಯೇನಲೇ ಅದು? ಸಗಣಿ ಬಳಿಯಾಕ ಹೋಗು!" ಮಿಸ್ತ್ರಿ ತಲೆ ಬಗ್ಗಿಸಿ, ಕೈಯಲ್ಲಿನ ಅರಿವೆಯಿಂದ ಬೆರಳು ಒಂದೊಂದನ್ನೇ ಒರೆಸಿಕೊಳ್ಳುತ್ತಾ ನಿಲ್ಲುತ್ತಿದ್ದ. "ಗ್ಯಾಸ್ಕೆಟ್ ಹೋಗೇತ್ರಿ ಸಾವ್ಕಾರ್ರ. ಬಿಸಿಯಾದ ಕೂಡ್ಲೆ ನಿಲ್ಲಸ್ರಿ ಅಂತ ಹೇಳಿದ್ದೆ." "ನನಗ ಎದುರು ಮಾತಾಡ್ತಿ?" ಇದು ತಿಂಗಳಿಗೆ ಎರಡು ಸಲವಾದರೂ ನಡೆಯುತ್ತಿತ್ತು. ನನಗೆ ಅದನ್ನು ನೋಡುವುದು ಖುಷಿಯಾಗಿತ್ತು. ಈಗ ಮುಚ್ಚಿಟ್ಟು ಏನು ಮಾಡಲಿ? ಅವನ ಮೇಲೆ ಬಿದ್ದ ಬೈಗುಳ ನನ್ನ ಮೇಲೆ ಬೀಳುತ್ತಿರಲಿಲ್ಲ.

ಆ ವರ್ಷ ದಸರೆಯ ಮುಂದೆ ಕಾರಿನ ಹೆಡ್ಡೇ ಸೊಟ್ಟಗಾಯಿತು. ಬಿಸಿಯಾದರೂ ನಿಲ್ಲಿಸದೆ ಓಡಿಸಿದ್ದು ನಾನು, ಓಡಿಸು ಅಂದದ್ದು ಅಪ್ಪ, ಬೈಸಿಕೊಂಡದ್ದು ಮಿಸ್ತ್ರಿ. ಅವನು ಹೆಡ್ಡನ್ನು ಬಿಚ್ಚಿ, ಮಡಗಾಂವಿಗೆ ಒಯ್ದು ಲೇಥಿನಲ್ಲಿ ಸಮ ಮಾಡಿಸಿಕೊಂಡು ಬಂದ. ಹೊಸ ಗ್ಯಾಸ್ಕೆಟ್ ಹಾಕಿ ಎಲ್ಲ ಕೂಡಿಸುವಷ್ಟರಲ್ಲಿ ಖಂಡೇಪೂಜೆಯ ಹಿಂದಿನ ದಿನ ಸಂಜೆಯಾಯಿತು. ನಟ್ಟುಗಳನ್ನು ಕೈಯಿಂದ ತಿರುಗಿಸಿಟ್ಟಿದ್ದ, ಬಿಗಿಯುವುದೊಂದು ಬಾಕಿ.

ನಮ್ಮಲ್ಲಿ ಖಂಡೇಪೂಜೆಯ ದಿನ ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು, ಕುಂಕುಮ ಭಂಡಾರ ಹಚ್ಚಿ, ದೇವರ ಮುಂದೆ ಇಡುತ್ತಾರೆ. ಇಟ್ಟ ಮೇಲೆ ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಎತ್ತುವುದಿಲ್ಲ. ಗೋವಾಕ್ಕೆ ಬಂದರೂ ನಮ್ಮ ಜನ ಅದನ್ನು ಬಿಟ್ಟಿರಲಿಲ್ಲ. ಇಲ್ಲಿಯ ಜನ ಆಪ್ಟೆಯ ಎಲೆ ಹಂಚಿದರೆ ನಮ್ಮವರು ಊರಿನಿಂದ ಬಸ್ಸಿನಲ್ಲಿ ಒಂದು ಚೀಲ ಬನ್ನಿ ತರಿಸುತ್ತಿದ್ದರು. ಕುಡಿದು ಬೀಳುವ ಹಮಾಲನೂ ಆ ಎರಡು ದಿನ ತನ್ನ ಕೊಕ್ಕೆಯನ್ನು ಮುಟ್ಟುತ್ತಿರಲಿಲ್ಲ. ಪೂಜೆಯ ಹತ್ಯಾರ ಎತ್ತಿದವನ ಕೈಯ ಕೆಲಸಕ್ಕೆ ಬರಕತ್ತಿಲ್ಲ, ಅವನಿಗೆ ಕೆಲಸ ಕೊಡಬಾರದು ಎಂಬ ಮಾತಿತ್ತು.

ಪೂಜೆಯ ದಿನ ಮಧ್ಯಾಹ್ನ ಅಪ್ಪ ನನ್ನನ್ನು ಕರೆದ. ಮರುದಿನ ಮಡಗಾಂವಿನಲ್ಲಿ ಕಂಟ್ರಾಕ್ಟರರ ಮನೆಯಲ್ಲಿ ದಸರೆಯ ಊಟ. ಬೇರೆ ಮುಕಾದಮರು ಬಸ್ಸಿನಲ್ಲಿ ಹೋಗುವವರು. ಅಪ್ಪ ಕಾರಿನಲ್ಲೇ ಇಳಿಯಬೇಕು. "ನಾಳಿ ಹತ್ತಕ್ಕ ಗಾಡಿ ಮನಿ ಮುಂದ ನಿಂತಿರಬೇಕು. ಇಲ್ಲಂದ್ರ ನಾಡದ್ದಿನಿಂದ ನೀನೂ ಚೀಲ ಹೊರಾಕ ಬಾ."

ನಾನು ಶೆಡ್ಡಿಗೆ ಓಡಿದೆ. ಮಿಸ್ತ್ರಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ ಕೂತಿದ್ದ. ಮಣೆಯ ಮೇಲೆ ಅವನ ಪಾನಾಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ನಡುವೆ ಮಲಗಿದ್ದವು. "ಹಂಗ ಎತ್ತಾಕ ಬರಂಗಿಲ್ಲ ತಮ್ಮಾ. ನಾಳಿ ಸಂಜೀಕ ಬನ್ನಿ ಮುಡದ ಮ್ಯಾಲೆ ಮೊದಲ ನಿಮ್ಮ ಗಾಡೀನ ಮಾಡ್ತೀನಿ. ಸಾವ್ಕಾರ್ರಿಗೆ ಹೇಳು, ಒಂದ ದಿನ ತಡೀರಿ ಅಂತ." ಹೇಳಿ, ಹೋಳಿಗೆ ಊಟಕ್ಕೆ ಮನೆಗೆ ಹೋದ. ಶೆಡ್ಡಿಗೆ ಬೀಗವಿರಲಿಲ್ಲ. ಪೂಜೆಗೆ ಇಟ್ಟದ್ದನ್ನು ಯಾರು ಮುಟ್ಟುತ್ತಾರೆ?

ನಾನು ಮುಟ್ಟಿದೆ. ನಮ್ಮ ಜನರಲ್ಲಿ ಅಂಥ ಕೆಲಸ ಮಾಡುವವನು ಒಬ್ಬನಿದ್ದರೆ ಅವನು ನಾನೇ. ಪಾನಾ ಎತ್ತಿಕೊಂಡು, ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಯವರೆಗೆ, ಒಂದೇ ಸುತ್ತಿನಲ್ಲಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಪಾನಾ ಒರೆಸಿ, ಮತ್ತೆ ಕುಂಕುಮ ಹಚ್ಚಿ, ಇದ್ದ ಜಾಗದಲ್ಲೇ ಇಟ್ಟೆ. ನೀರು ತುಂಬಿಸಿ ಚಾಲೂ ಮಾಡಿದರೆ ಕಾರು ಚಲೋ ಓಡಿತು. ಅಪ್ಪನ ಹತ್ತಿರ ಹೋಗಿ, ಮಿಸ್ತ್ರಿ ಮಾಡಿಕೊಟ್ಟ ಅಂದೆ. ಪೂಜೆಯ ಹತ್ಯಾರ ನಾನು ಎತ್ತಿದೆನೆಂದರೆ ಹೊಡೆತ ಬೀಳುತ್ತಿತ್ತು. ಅವನು ಎತ್ತಿದನೆಂದರೆ ಅದು ಅಪ್ಪನ ದರ್ಬಾರಿನ ಜೋರು. ಅಪ್ಪ ಮೀಸೆಯ ಕೆಳಗೆ ನಕ್ಕ.

ಮರುದಿನ ವೆರ್ಣಾ ಏರಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ಹೆಡ್ಡಿನ ಸಂದಿಯಿಂದ ನೀರು ಚಿಮ್ಮುತ್ತಿತ್ತು. ನೀರು ಬೆರೆತ ಎಂಜಿನ್ ಎಣ್ಣೆ ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ. ರೇಷ್ಮೆ ರುಮಾಲು ಸುತ್ತಿಕೊಂಡ ಅಪ್ಪ ಒಳಗಿನಿಂದ ತೆರೆಯದ ಬಾಗಿಲನ್ನು ಗುದ್ದುತ್ತಿದ್ದ. ನಾನು ಸುತ್ತು ಬಳಸಿ ಹೋಗಿ ತೆಗೆಯುವಷ್ಟರಲ್ಲಿ ಬೇರೆ ಮುಕಾದಮರಿದ್ದ ಬಸ್ಸು ನಮ್ಮನ್ನು ದಾಟಿತು. ಕಿಟಕಿಯಿಂದ ಒಬ್ಬ ಕೈ ಬೀಸಿದ. ಅಪ್ಪನ ಮುಖ ನೋಡಿ ನನಗೆ ಒಳಗೊಳಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆ.

ಲಾರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು ಬಂದೆವು. ನಳದ ಮುಂದೆ ಇಡೀ ಗ್ಯಾಂಗು ಸೇರಿತು. ಹಬ್ಬದ ರಜೆ, ಎಲ್ಲರೂ ಇದ್ದರು. ಮಿಸ್ತ್ರಿ ಬಂದ. "ನಾ ಮುಟ್ಟೇ ಇಲ್ರಿ ಸಾವ್ಕಾರ್ರ" ಅಂದ. ಬಾನೆಟ್ಟು ಎತ್ತಿ ಬಗ್ಗಿ ನೋಡಿದ. ನಟ್ಟುಗಳ ಮೂಲೆಮೂಲೆಗೆ ಕುಂಕುಮ ಒಣಗಿ ಹತ್ತಿಕೊಂಡಿತ್ತು. ಬಿಗಿಯುವ ಮೊದಲು ಪಾನಾದ ಹಿಡಿಯನ್ನಷ್ಟೇ ಒರೆಸಿದ್ದ ನಾನು ಅದರ ಬಾಯಿ ಒರೆಸಿರಲಿಲ್ಲ, ನಟ್ಟು ನೋಡುವ ಬುದ್ಧಿಯಂತೂ ನನಗೆಲ್ಲಿ? ಅಪ್ಪನೂ ಬಗ್ಗಿ ಅದನ್ನೇ ನೋಡಿದ.

"ನೋಡ್ರಲೇ, ಎಲ್ಲಾರೂ ಬಂದು ನೋಡ್ರಿ. ಪೂಜಿಗಿ ಇಟ್ಟ ಹತ್ಯಾರ ಎತ್ಯಾನ. ಮ್ಯಾಲೆ ಸುಳ್ಳ ಬ್ಯಾರೆ!"

"ಇದು ನನ್ನ ಕೈ ಅಲ್ರಿ" ಅಂದ ಮಿಸ್ತ್ರಿ. "ನಾ ಹಿಂಗ ಒಂದ ಕಡಿಯಿಂದ ಬಿಗಿಯಂಗಿಲ್ಲ." ಅಂದವನು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಕಾಯುವವನ ಹಾಗೆ. ನಾನು ಬಾಯಿ ತೆರೆದರೆ ಅವನ ಶೆಡ್ಡು ಉಳಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಪ್ಪ ನನ್ನ ಕಡೆ ತಿರುಗಿದ. "ನೀ ಅಲ್ಲೇ ಇದ್ದೆಲ್ಲಾ? ಇಂವಾ ಎತ್ತಿದ್ದು ನೀ ನೋಡಿದ್ದಿ ಅಲ್ಲಾ?"

"ಹೂಂ ಅಪ್ಪಾ, ನೋಡೀನಿ" ಅಂದೆ.

ಮಿಸ್ತ್ರಿ ಕೈಯಲ್ಲಿನ ಅರಿವೆಯಿಂದ ಆ ನಟ್ಟುಗಳ ಕುಂಕುಮವನ್ನು ಒರೆಸಿ, ಬಾನೆಟ್ಟು ಮುಚ್ಚಿ ಹೋದ.

ಸಂಜೆ ಚಾಳಿನ ತುಂಬ ಬನ್ನಿ. ಜಗಳವಾಡಿದವರೂ ಅಂದು ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಮಿಸ್ತ್ರಿ ಮುಷ್ಟಿಯಲ್ಲಿ ಎಲೆ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅಪ್ಪನ ಹೆದರಿಕೆಗೆ ಒಬ್ಬನೂ ಆ ಕಡೆ ಹೋಗಲಿಲ್ಲ. ನಾನು ಆ ಶೆಡ್ಡಿನ ಮುಂದೆಯೇ ಎರಡು ಸಲ ಹಾದುಹೋದೆ. ಎರಡನೆಯ ಸಲ ಅವನು ಒಳಗೆ ಹೋಗಿದ್ದ. ಆ ವಾರದೊಳಗೆ ಒಂದು ಸೈಕಲ್ ಕೂಡ ಅವನ ಹತ್ತಿರ ರಿಪೇರಿಗೆ ಬರಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಶೆಡ್ಡಿನ ತಗಡುಗಳನ್ನು ಬಿಚ್ಚಿಸಿ ತಂದು ಅಪ್ಪ ನಮ್ಮ ಕಾರಿಗೆ ಮಾಡು ಹಾಕಿಸಿದ. ಕಾರು ಅದರ ಕೆಳಗೆ ನಿಂತಲ್ಲೇ ಕೊಳೆಯಿತು. ನಾನು ಚೀಲ ಹೊರಲು ಹೋದೆ.

ಹತ್ತು ವರ್ಷವಾದ ಮೇಲೆ, ಅವನು ಸಾಂಗೆಯ ಕಡೆ ಗಣಿ ಲಾರಿಗಳ ಗ್ಯಾರೇಜಿನಲ್ಲಿದ್ದಾನೆಂದು ಯಾರೋ ಹೇಳಿದರು. ನನಗೂ ಆಗ ಮಕ್ಕಳಾಗಿದ್ದವು. ನಳದ ಮುಂದೆ ನನ್ನ ಮಾತಿಗೆ ಕಾದಿದ್ದ ಆ ಕಣ್ಣು ನನ್ನನ್ನು ಬಿಟ್ಟಿರಲಿಲ್ಲ. ದಸರೆಯ ದಿನ ಜೇಬಿನಲ್ಲಿ ಬನ್ನಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು ಅವನಿಗೆ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿ ಎಲೆ ಮುಂದೆ ಚಾಚಿದೆ. ಅವನು ಕೈ ಚಾಚಲಿಲ್ಲ. ಬೆರಳು ಒರೆಸಿಕೊಳ್ಳುತ್ತಾ ನಿಂತ.

"ಅವತ್ತ ಗೊತ್ತಿತ್ರಿ ನನಗ" ಅಂದ. ತಮ್ಮಾ ಎನ್ನಲಿಲ್ಲ. "ಗೊತ್ತಿದ್ದವನ ಮುಂದ ಹೇಳಾಕ ಸಾಂಗೆತನಕ ಯಾಕ ಬಂದ್ರಿ? ನಿಮ್ಮಪ್ಪಾರು ಅದಾರಲ್ಲ, ಆ ನಳದ ಮುಂದ ಅವರಿಗೆ ಹೇಳ್ರಿ. ಆಮ್ಯಾಲೆ ಬರ್ರಿ, ಬನ್ನಿ ತಗೋತೀನಿ."

ಇವತ್ತೇ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಸಂಜೆ ಮನೆಗೆ ಬಂದರೆ ಬನ್ನಿ ಕೊಡಲು ಬಂದವರಿಂದ ಪಡಸಾಲೆ ತುಂಬಿತ್ತು. ಅಪ್ಪ ನಡುವೆ ಕೂತು ಪ್ರತಿ ದಸರೆಗೂ ಹೇಳುವ ಕತೆಯನ್ನೇ ಹೇಳುತ್ತಿದ್ದ. ಕುಂಕುಮ ಹತ್ತಿದ ನಟ್ಟು, ಸಿಕ್ಕಿಬಿದ್ದ ಮಿಸ್ತ್ರಿ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅಪ್ಪನಿಗೆ ಹುರುಪು ಬಂತು.

"ಬೇಕಾದ್ರ ಇವನ್ನ ಕೇಳ್ರಿ. ಏ, ನೀ ನೋಡಿದ್ದಿ ಅಲ್ಲಾ?"

ಜೇಬಿನಲ್ಲಿ ಕೈ ಹಾಕಿದರೆ ಎಲೆ ಬಾಡಿತ್ತು.

"ಹೂಂ ಅಪ್ಪಾ, ನೋಡೀನಿ" ಅಂದೆ.